ಪಾಲ್, ಆಲು, ಹಾಲು

ಐವತ್ತಾರರಲ್ಲಿ ಕೊಳ್ಳೇಗಾಲ ತಾಲ್ಲೂಕು ಮದ್ರಾಸು ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿದಾಗ ನಾನು ಯಳಂದೂರಿನಲ್ಲಿ ಸಹಾಯಕ ಮೇಷ್ಟ್ರು. ನಮ್ಮ ಯಳಂದೂರು ಮೊದಲಿನಿಂದಲೂ ಮೈಸೂರು ಸೀಮೆ. ಹತ್ತು ಮೈಲಿ ಆಚೆಯ ಕೊಳ್ಳೇಗಾಲದವರು ಅಲ್ಲಿಯತನಕ ಕೊಯಮತ್ತೂರಿನ ಕಡೆ ಮುಖ ಮಾಡಿಕೊಂಡಿದ್ದವರು. ಸೇರಿದ ಮೇಲೆ ಎರಡೂ ಕಡೆಯ ಮೇಷ್ಟ್ರುಗಳನ್ನು ಒಂದೇ ಪಟ್ಟಿಗೆ ತರಬೇಕಾಯಿತು. ಯಾರು ಹಿರಿಯರು, ಯಾರ ಸರ್ಟಿಫಿಕೇಟು ದೊಡ್ಡದು ಎಂಬ ಜಗಳ ವರ್ಷಗಟ್ಟಲೆ ಎಳೆಯಿತು. ಆ ಜಗಳದಲ್ಲಿ ಗೆದ್ದವರ ಪೈಕಿ ನಾನೂ ಒಬ್ಬ. ಅರವತ್ತರ ಆಚೀಚೆ, ಹನೂರಿನಿಂದ ಮೂರು ಮೈಲಿ ನಡೆದರೆ ಸಿಗುವ ಒಂದು ಹಳ್ಳಿಯ ಮಾಧ್ಯಮಿಕ ಶಾಲೆಗೆ ನನ್ನನ್ನು ಹೆಡ್ಮಾಸ್ಟರನ್ನಾಗಿ ಹಾಕಿದರು. ಊರಿನ ಹೆಸರು ಬರೆಯುವುದಿಲ್ಲ.

ಆ ಕುರ್ಚಿ ನ್ಯಾಯವಾಗಿ ಅಲ್ಲಿಯ ಲೆಕ್ಕದ ಮೇಷ್ಟ್ರಿಗೆ ಸಿಗಬೇಕಿತ್ತು. ನನಗಿಂತ ಹನ್ನೆರಡು ವರ್ಷ ದೊಡ್ಡವರು. ಅದೇ ಶಾಲೆಯಲ್ಲಿ ಓದಿ ಅದೇ ಶಾಲೆಯಲ್ಲಿ ಮೇಷ್ಟ್ರಾದವರು. ಅವರದು ಮದ್ರಾಸಿನ ತರಬೇತಿ, ನನ್ನದು ಮೈಸೂರಿನದು, ಅಷ್ಟೇ ವ್ಯತ್ಯಾಸ. ನಾನು ಚಾರ್ಜು ತೆಗೆದುಕೊಂಡ ದಿನ ಬೀರುವಿನ ಬೀಗದ ಕೈ ನನ್ನ ಮೇಜಿನ ಮೇಲಿಟ್ಟು, "ತಕಳಿ ಸಾ, ಎಲ್ಲಾ ಸರ್ಯಾಗದ" ಎಂದು ಹೇಳಿ, ಬೆತ್ತ ತೆಗೆದುಕೊಂಡು ತರಗತಿಗೆ ಹೋದರು.

ಮೊದಲ ವರ್ಷ ನಾನೂ ಎಲ್ಲ ಸರಿಯಾಗಿದೆ ಎಂದೇ ನಂಬಿದ್ದೆ. ಗಂಟೆ ಸರಿಯಾಗಿ ಹೊಡೆಯುತ್ತಿತ್ತು. ಮಕ್ಕಳು ಪಾಠವನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದರು, ರಸ್ತೆಯತನಕ ಕೇಳಿಸುತ್ತಿತ್ತು. ಒಂದು ದಿನ ಮೇಷ್ಟ್ರೊಬ್ಬರು ರಜ ಹಾಕಿದ್ದರಿಂದ ನಾಲ್ಕನೇ ತರಗತಿಗೆ ನಾನು ಹೋದೆ. ಒಬ್ಬ ಹುಡುಗಿಗೆ ಪಾಠ ಓದು ಎಂದೆ. ಎದ್ದು ನಿಂತು ಒಂದು ಅಕ್ಷರ ತಪ್ಪದೆ ಓದಿದಳು. ಭೇಷ್ ಎನ್ನಲು ಹತ್ತಿರ ಹೋದವನು ಅವಳ ಕೈಲಿದ್ದ ಪುಸ್ತಕ ನೋಡಿದೆ. ಅವಳು ತೆರೆದಿದ್ದುದು ಬೇರೆ ಪಾಠ.

ಹಿಂದಿನ ಬೆಂಚಿನಲ್ಲಿದ್ದ ಇನ್ನೊಂದು ಮಗುವಿಗೆ ಕಪ್ಪುಹಲಗೆಯ ಮೇಲೆ ಒಂದು ವಾಕ್ಯ ಬರೆದು ತೋರಿಸಿದೆ. "ಕೈ ತೊಳೆದು ಊಟ ಮಾಡು." ಕಷ್ಟಪಟ್ಟು ಓದಿತು. ಹಾಗಂದರೇನು ಎಂದು ಕೇಳಿದರೆ ಸುಮ್ಮನೆ ನಿಂತಿತು. ಮಾಡು ಅಂದರೇನು ಎಂದೆ. ಆಗ ಮುಖ ಅರಳಿ, ಕಿಟಕಿಯಾಚೆ ಮೇಯುತ್ತಿದ್ದ ಎತ್ತಿನ ಕಡೆ ಕೈ ತೋರಿಸಿತು. ತರಗತಿಯೇ ಹೋ ಎಂದು ನಕ್ಕಿತು. ಆ ಮಗು ಕೂತುಕೊಂಡುಬಿಟ್ಟಿತು. ನನಗೆ ತಲೆಬುಡ ತಿಳಿಯಲಿಲ್ಲ.

ಮಧ್ಯಾಹ್ನ ಒಂದನೇ ತರಗತಿಯ ಟೀಚರಮ್ಮನ ಹತ್ತಿರ ಇದನ್ನು ಹೇಳಿದೆ. ಕೊಳ್ಳೇಗಾಲದ ನೇಕಾರರ ಮನೆಯ ಹೆಣ್ಣುಮಗಳು, ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು. ತರಬೇತಿ ಆಗಿರಲಿಲ್ಲ, ತಾತ್ಕಾಲಿಕ ನೇಮಕ. ತಾಯಿಯನ್ನು ಜೊತೆಗಿಟ್ಟುಕೊಂಡು ಹನೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ದಿನವೂ ನಡೆದು ಬರುತ್ತಿದ್ದಳು.

"ಅದು ಸರ್ಯಾಗೇ ಯೋಳದ ಸಾ," ಎಂದಳು. "ತಮಿಳ್ನಲ್ಲಿ ಮಾಡು ಅಂದ್ರ ಎತ್ತು, ಅಸ. ಆ ಮಗೀನ ಕೇರಿ ಐಕ್ಳ ಮನೇಲಿ ಕನ್ನಡವೇ ಇಲ್ಲ. ನಮ್ಮವ್ವನೂ ಸತ್ಯಮಂಗಲದ ಕಡೇವ್ಳು, ಅದ್ಕ ನಂಗ ಗೊತ್ತು. ಅವು ಮೂರು ವರ್ಷದಿಂದ ಬರೀ ಸದ್ದು ಕಲೀತಾವ."

ಶಾಲೆಯ ಮಕ್ಕಳಲ್ಲಿ ಅರ್ಧಕ್ಕರ್ಧ ಆ ಕೇರಿಯವರು. ನಾನು ಒಂದು ವರ್ಷದಿಂದ ಅದರ ಹೆಡ್ಮಾಸ್ಟರು. ನನಗೆ ಗೊತ್ತಿರಲಿಲ್ಲ.

ಲೆಕ್ಕದ ಮೇಷ್ಟ್ರಿಗೆ ಗೊತ್ತಿತ್ತು. "ಇಷ್ಟು ವರ್ಷ ಯಾಕೆ ಯಾರೂ ಕೇಳಲಿಲ್ಲ?" ಎಂದು ನಾನು ರೇಗಿದಾಗ ಅವರು ಮೇಲುವಸ್ತ್ರದಲ್ಲಿ ಮುಖ ಒರೆಸಿಕೊಂಡು ಹೇಳಿದರು: "ಕೇಳ್ಬಾರ್ದು ಸಾ. ಕೇಳುದ್ರ ಉತ್ರನೂವ ನಾವೇ ಯೋಳ್ಬೇಕಾಯ್ತದ."

ಆ ಮಾತು ನನ್ನನ್ನು ಬಿಡಲಿಲ್ಲ. ಮಾರನೆಯ ವಾರದಿಂದ ನಾನು ಒಬ್ಬೊಬ್ಬರ ತರಗತಿಯಲ್ಲಿ ಹಿಂದಿನ ಬೆಂಚಿನ ಮೇಲೆ ಮಕ್ಕಳ ಜೊತೆ ಕೂರತೊಡಗಿದೆ. ತಪ್ಪು ಹಿಡಿಯಲು ಬಂದಿದ್ದಾನೆ ಅಂದುಕೊಂಡರು. ಅದು ಸಹಜ, ನಮ್ಮಲ್ಲಿ ಮೇಲಿನವರು ಬಂದು ಕೂರುವುದು ಅದಕ್ಕೇ. ಪಾಠ ಮುಗಿದ ಮೇಲೆ ನಾನು ತಪ್ಪು ಹೇಳದೆ, "ಈ ಮಗು ಯಾಕೆ ಹಾಗೆ ಉತ್ತರ ಕೊಟ್ಟಿತು ಮೇಷ್ಟ್ರೇ?" ಎಂದು ಕೇಳುತ್ತಿದ್ದೆ. ಗೊತ್ತಿಲ್ಲ ಸಾ ಎನ್ನುತ್ತಿದ್ದರು. ನನಗೂ ಗೊತ್ತಿಲ್ಲ, ಇಬ್ಬರೂ ನೋಡೋಣ ಎನ್ನುತ್ತಿದ್ದೆ. ಹೀಗೆ ಎರಡು ಮೂರು ತಿಂಗಳಾದ ಮೇಲೆ ಅವರ ಬಿಗುವು ಸ್ವಲ್ಪ ಸಡಿಲವಾಯಿತು.

ಆಮೇಲೆ ಶನಿವಾರದ ಕೂಟ ಶುರು ಮಾಡಿದೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಾವು ಆರು ಜನ ಹುಣಸೆಮರದ ಕೆಳಗಿನ ಕಲ್ಲುಗಳ ಮೇಲೆ ಕೂರುವುದು, ಒಬ್ಬರು ಪಾಠ ಮಾಡುವುದು, ಉಳಿದವರು ಮಕ್ಕಳಾಗುವುದು, ಕೊನೆಗೆ ಪ್ರತಿಯೊಬ್ಬರೂ ಆ ವಾರ ತಮಗೆ ತಿಳಿಯದೆ ಹೋದ ಒಂದು ಸಂಗತಿ ಹೇಳುವುದು. ಮೊದಲ ಪಾಠ ನನ್ನದೇ ಆಗಲಿ ಎಂದು ಏಳನೆಯವರಿಗೆ ಮಾಡುವ ಭೂಗೋಳ ಮಾಡಿದೆ. ಮುಗಿಸಿ, "ಹೇಳಿ, ಏನು ತಪ್ಪು?" ಎಂದೆ. ಲೆಕ್ಕದ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಬೇಜಾರ್ ಮಾಡ್ಕಬ್ಯಾಡಿ. ನೀವು ಪ್ರಶ್ನ ಚೆಂದಾಗಿ ಕೇಳ್ತೀರ. ಐಕ್ಳು ಬಾಯ್ ಬುಡಕ್ ಮುಂಚ ಉತ್ರನೂ ನೀವೇ ಯೋಳ್ಬುಡ್ತೀರ."

ಉರಿಯಿತು. ಆದರೆ ನಿಜ. ನಡವಳಿ ಪುಸ್ತಕದಲ್ಲಿ ಅದನ್ನು ನನ್ನ ಕೈಯಾರೆ ಬರೆದುಕೊಂಡೆ, ಕೆಳಗೆ ಸಹಿ ಹಾಕಿದೆ. ಅಲ್ಲಿಂದ ಮುಂದೆ ಪ್ರತಿ ಶನಿವಾರವೂ ಬರೆದೆ, ಹೇಳಿದವರಿಂದ ಸಹಿ ಹಾಕಿಸಿದೆ.

ಟೀಚರಮ್ಮನ ಸರದಿ ಬಂದ ಶನಿವಾರವನ್ನು ನಾನು ಮರೆಯಲಾರೆ. ಅವಳು ಹಲಗೆಯ ಮೇಲೆ ಉದ್ದಕ್ಕೆ ಎರಡು ಗೆರೆ ಎಳೆದು ಮೂರು ಭಾಗ ಮಾಡಿದಳು. ಮೊದಲನೆಯದರಲ್ಲಿ ಪಾಲ್ ಎಂದು ಬರೆದಳು, ಎರಡನೆಯದರಲ್ಲಿ ಆಲು, ಮೂರನೆಯದರಲ್ಲಿ ಹಾಲು. ಅದರ ಕೆಳಗೆ ಪಲ್, ಅಲ್ಲು, ಹಲ್ಲು. ಅದರ ಕೆಳಗೆ ಪೂ, ಊವು, ಹೂವು. ಎಲ್ಲವೂ ಕನ್ನಡದ ಅಕ್ಷರದಲ್ಲೇ.

"ಇದು ಆ ಕೇರಿ ಮನೆ ಮಾತು," ಎಂದು ಮೊದಲನೆಯದನ್ನು ತೋರಿಸಿದಳು. "ಇದು ಈ ಕೇರಿ ಮನೆ ಮಾತು. ಇದು ಪುಸ್ತಕದ ಮಾತು. ಪುಸ್ತಕದ ಮಾತು ಯಾರ ಮನೇಲೂ ಇಲ್ಲ, ಎಲ್ರೂ ಕಲೀಬೇಕು ಅಂತೀನಿ. ಅಲ್ಲಿ ಪ ಅಂತಾರ, ಇಲ್ಲಿ ಏನೂ ಇಲ್ಲ, ಪುಸ್ತಕದಲ್ಲಿ ಹ. ಇದ ಐಕ್ಳೇ ಕಂಡಿಡ್ದದ್ದು ಸಾ, ನಾನಲ್ಲ. ಈಗ ಯಾವ್ದಾದ್ರೂ ಮಾತು ಸಿಕ್ಕುದ್ರ ಸಾಕು, ಮೂರ್ ಮನೇಲೂ ಉಡುಕ್ತಾವ."

ಅವಳು ಪಾಠವನ್ನು ಶುರು ಮಾಡುತ್ತಿದ್ದುದು ಕಲ್ಲು, ಕಣ್ಣು, ಕೈ, ಕಾಲು ಎಂಬ ಮಾತುಗಳಿಂದ. ಅವು ಮೂರು ಕಡೆಯೂ ಹೆಚ್ಚುಕಡಿಮೆ ಒಂದೇ. ಮೊದಲ ವಾರ ಯಾವ ಮಗುವೂ ಸೋಲದಂತೆ ಅವಳು ಮಾತುಗಳನ್ನು ಆರಿಸಿಕೊಂಡಿದ್ದಳು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತರಬೇತಿ ಪಡೆದ ನಾವು ಐದು ಜನ ಬಾಯಿ ತೆರೆದುಕೊಂಡು ಕೂತಿದ್ದೆವು.

ಅವತ್ತೇ ಲೆಕ್ಕದ ಮೇಷ್ಟ್ರು ತಮ್ಮ ಮಾತು ಹೇಳಿದರು. "ಭಿನ್ನರಾಶಿ ಭಾಗಾಕಾರದಲ್ಲಿ ತಿರುಗ್ಸಿ ಗುಣುಸ್ಬೇಕು ಅಂತೀವಲ್ಲ, ಯಾಕ ತಿರುಗುಸ್ಬೇಕು ಅಂತ ನಂಗ ಗೊತ್ತಿಲ್ಲ. ಇಪ್ಪತ್ತೈದು ವರ್ಷ ಗೊತ್ತಿಲ್ದೇ ಏಳ್ಕೊಟ್ಟಿವ್ನಿ. ಕೇಳುದ್ ಐಕ್ಳಿಗ ಬೆತ್ತದಲ್ಲಿ ಬಾರ್ಸಿವ್ನಿ." ಮುಂದಿನ ಎರಡು ಶನಿವಾರ ನಾವೆಲ್ಲ ಹುಣಸೆಬೀಜ ಹರಡಿಕೊಂಡು ಅದೊಂದನ್ನೇ ಕೆದಕಿದೆವು. ಕೊನೆಗೆ ಅರ್ಥವಾದಾಗ ಮೇಷ್ಟ್ರು ಬೀಜಗಳನ್ನು ಬಾಚಿ ಗುಡ್ಡೆ ಮಾಡಿ, ಚಿಕ್ಕ ಮಗುವಿನ ಹಾಗೆ ನಕ್ಕರು. ಬೆತ್ತ ತರುವುದನ್ನು ಅವರು ತಾವಾಗಿ ಬಿಟ್ಟರು. ನಾನು ಹೇಳಿರಲಿಲ್ಲ.

ಆ ಒಂದು ವರ್ಷ ಅದು ಶಾಲೆಯಾಗಿತ್ತು. ಊಟದ ಹೊತ್ತಿನಲ್ಲಿ ಮೇಷ್ಟ್ರುಗಳು ಪಟ್ಟಿ, ಬಡ್ತಿ, ವರ್ಗ ಬಿಟ್ಟು ಮಕ್ಕಳ ಬಗ್ಗೆ ಮಾತಾಡುತ್ತಿದ್ದರು. ಎತ್ತಿನ ಕಡೆ ಕೈ ತೋರಿಸಿದ್ದ ಮಗು ಈಗ ಬೇರೆಯವರಿಗೆ ತಮಿಳು ಮಾತು ಹೇಳಿಕೊಡುವ ಗತ್ತಿನಲ್ಲಿ ಓಡಾಡುತ್ತಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನನಗೆ ನಿಲ್ಲಿಸಲಾಗಲಿಲ್ಲ. ಇಷ್ಟು ಒಳ್ಳೆಯ ಕೆಲಸ ನಡೆಯುತ್ತಿದೆ, ಮೇಲಿನವರಿಗೆ ಗೊತ್ತಾಗಬೇಡವೇ ಎಂದು ಒಳಗೊಳಗೇ ತುರಿಕೆ. ಇನ್ಸ್‌ಪೆಕ್ಟರು ಇದನ್ನು ಮಾದರಿ ಎಂದು ಕರೆಯುತ್ತಾರೆ, ಬೇರೆ ಶಾಲೆಗಳವರನ್ನು ನೋಡಲು ಕಳಿಸುತ್ತಾರೆ ಎಂದೆಲ್ಲ ಕಲ್ಪಿಸಿಕೊಂಡೆ. ನಡವಳಿ ಪುಸ್ತಕವನ್ನು ಮುತ್ತಿನಂಥ ಅಕ್ಷರದಲ್ಲಿ ಪ್ರತಿ ತೆಗೆದೆ. ಯಾರು ಏನು ಗೊತ್ತಿಲ್ಲವೆಂದರು ಎಂಬುದನ್ನೂ, ಅವರವರ ಹೆಸರನ್ನೂ ಬಿಡದೆ ಬರೆದೆ. ಪ್ರಾಮಾಣಿಕತೆಯೇ ಇದರ ಜೀವ ಎಂದು ಮೇಲೊಂದು ಪತ್ರ ಬೇರೆ ಇಟ್ಟೆ.

ಲಕೋಟೆ ಅಂಟಿಸುವಾಗ ಟೀಚರಮ್ಮ ಹಾಜರಿ ಪುಸ್ತಕ ಇಡಲು ಬಂದಳು. ಏನೆಂದು ಕೇಳಿದಳು, ಹೇಳಿದೆ.

"ಕಳಸ್ಬ್ಯಾಡಿ ಸಾ," ಎಂದಳು. "ಅದು ನಾವ್ ನಾವೇ ಮಾತಾಡ್ಕಂಡದ್ದು."

ಒಂದು ವರ್ಷಕ್ಕಿಂತ ಹೆಚ್ಚು ಕಾಲ ಸಿಕ್ಕಸಿಕ್ಕವರನ್ನೆಲ್ಲ ಯಾಕೆ, ಯಾಕೆ ಎಂದು ಕೇಳುತ್ತಿದ್ದ ನಾನು ಅವಳನ್ನು ಯಾಕಮ್ಮ ಎಂದು ಕೇಳಲಿಲ್ಲ. "ನಿಮಗೇ ಒಳ್ಳೆಯದಾಗುತ್ತೆ, ನೋಡ್ತಿರಿ" ಎಂದೆ. ಅವಳು ಹಾಜರಿ ಪುಸ್ತಕ ಇಟ್ಟು ಹೋದಳು.

ಇನ್ಸ್‌ಪೆಕ್ಟರು ಮುಂದಿನ ತಿಂಗಳು ಜೀಪಿನಲ್ಲಿ ಬಂದರು. ಜೊತೆಗೆ ಶಾಲಾ ಸಮಿತಿಯಲ್ಲಿದ್ದ ಊರಿನ ಜಮೀನ್ದಾರರೊಬ್ಬರು. ಕೊಳ್ಳೇಗಾಲ ಯಾವ ರಾಜ್ಯದ್ದು ಎಂಬ ಮಾತು ಇನ್ನೂ ಪೂರ್ತಿ ತಣ್ಣಗಾಗದಿದ್ದ ಕಾಲ. "ಇಸ್ಕೂಲಲ್ಲಿ ತಮಿಳು ಏಳ್ಕೊಡ್ತಾವ್ರಂತೆ" ಎಂಬ ಪುಕಾರು ಊರಿನಲ್ಲಿ ಮೊದಲೇ ಇತ್ತು. ನಾನು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ನನ್ನ ಮುತ್ತಿನಂಥ ಅಕ್ಷರದ ಪ್ರತಿ ಇನ್ಸ್‌ಪೆಕ್ಟರ ಕೈಯಲ್ಲಿತ್ತು.

ನಮ್ಮನ್ನೆಲ್ಲ ನನ್ನ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿದರು. ಕೂತವರು ಅವರಿಬ್ಬರೇ. ಇನ್ಸ್‌ಪೆಕ್ಟರು ಮೊದಲು ಲೆಕ್ಕದ ಮೇಷ್ಟ್ರ ಪುಟ ತೆಗೆದು ಗಟ್ಟಿಯಾಗಿ ಓದಿದರು.

"ಇಪ್ಪತ್ತೈದು ವರ್ಷ ಗೊತ್ತಿಲ್ಲದೆ ಪಾಠ ಮಾಡಿದ್ದೀರಿ. ನೀವೇ ಸಹಿ ಹಾಕಿದ್ದೀರಿ. ಇಷ್ಟು ವರ್ಷ ಸರ್ಕಾರದ ಸಂಬಳ ಹೇಗೆ ತೆಗೆದುಕೊಂಡಿರಿ?"

ಮೇಷ್ಟ್ರು, "ಈಗ ಗೊತ್ತು ಸಾ" ಎಂದರು. ಜಮೀನ್ದಾರರು ನಕ್ಕರು.

ಇನ್ಸ್‌ಪೆಕ್ಟರು ಆಮೇಲೆ ಟೀಚರಮ್ಮನ ಕಡೆ ತಿರುಗಿದರು. "ಕನ್ನಡ ಶಾಲೆಯಲ್ಲಿ ತಮಿಳು ಹೇಳಿಕೊಡುತ್ತೀರಂತೆ?"

"ಕನ್ನಡ ಏಳ್ಕೊಡ್ತೀನಿ ಸಾರ್."

"ಪಾಲ್ ಅಂತ ಹಲಗೆಯ ಮೇಲೆ ಬರೆದದ್ದು ಯಾರು? ಹೋಗಲಿ, ಆಲು ಅಂತ ಬರೆದಿದ್ದೀರಲ್ಲ, ಅದು ಯಾವ ಕನ್ನಡ?"

"ಐಕ್ಳ ಕನ್ನಡ ಸಾರ್."

ಇನ್ಸ್‌ಪೆಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಏನ್ರೀ, ಇದಕ್ಕೆ ನಿಮ್ಮ ಅನುಮತಿ ಇತ್ತೋ ಇಲ್ಲವೋ? ಒಂದೇ ಮಾತಿನಲ್ಲಿ ಹೇಳಿ."

ಒಂದೇ ಮಾತು ಸಾಕಿತ್ತು. ಆದರೆ ಹೆಡ್ಮಾಸ್ಟರ ಹುದ್ದೆಯಲ್ಲಿ ನಾನಿನ್ನೂ ಖಾಯಂ ಆಗಿರಲಿಲ್ಲ. ಮನೆಯಲ್ಲಿ ಮೂರು ಮಕ್ಕಳು. ಅದನ್ನೆಲ್ಲ ಆಗ ಯೋಚಿಸಿದೆನೋ, ಆಮೇಲೆ ಸಮಾಧಾನಕ್ಕೆ ಸೇರಿಸಿಕೊಂಡೆನೋ ಹೇಳಲಾರೆ. ನನ್ನ ಬಾಯಿಂದ ಬಂದದ್ದು ಇದು: "ಅವರು ಮಾಡುತ್ತಿದ್ದರು ಸಾರ್. ನಾನು ಗಮನಿಸುತ್ತಿದ್ದೆ."

"ಅನುಮತಿ ಇರಲಿಲ್ಲ" ಎಂದು ಹೇಳಿಕೊಳ್ಳುತ್ತಾ ಅವರು ಬರೆದುಕೊಂಡರು.

ಟೀಚರಮ್ಮ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ಹಲಗೆಯ ಮುಂದೆ ನಿಂತು ಉತ್ತರಕ್ಕೆ ತಡವರಿಸುವ ಮಗುವನ್ನು ಅವಳು ಕಾಯುತ್ತಿದ್ದ ರೀತಿಯೇ ಅದು. ಸ್ವಲ್ಪ ಹೊತ್ತು ಕಾದಳು. ಆಮೇಲೆ ನೋಟ ತಿರುಗಿಸಿಬಿಟ್ಟಳು.

ಮಾತಾಡಿದ್ದು ಲೆಕ್ಕದ ಮೇಷ್ಟ್ರು. ನನ್ನಿಂದ ಕುರ್ಚಿ ಕಳೆದುಕೊಂಡಿದ್ದ ಮನುಷ್ಯ. "ಸುಳ್ಳು ಸಾ. ಎಡ್ಮಾಸ್ಟ್ರು ಯೋಳಿ ಮಾಡ್ಸುದ್ದು. ನಾವೆಲ್ಲ ಆ ಮಗಳ ಮುಂದ ಕುಂತ್ಕಂಡು ಕಲ್ತ್ಕಂಡ್ವಿ. ತಪ್ಪು ಅಂತ ಬರಿಯಂಗಿದ್ರ ಎಲ್ರ ಎಸ್ರೂವ ಬರ್ಕಳಿ."

"ನಿಮ್ಮನ್ನು ಯಾರೂ ಕೇಳಲಿಲ್ಲ" ಎಂದು ಇನ್ಸ್‌ಪೆಕ್ಟರು ಪುಸ್ತಕ ಮುಚ್ಚಿದರು.

ಬೇಸಿಗೆ ರಜ ಮುಗಿದು ಶಾಲೆ ತೆರೆದಾಗ ಟೀಚರಮ್ಮನ ನೇಮಕ ಮುಂದುವರಿಯಲಿಲ್ಲ. ಲೆಕ್ಕದ ಮೇಷ್ಟ್ರ ಸೇವಾ ಪುಸ್ತಕದಲ್ಲಿ ಅಸಮರ್ಥರು ಎಂಬ ಮಾತು ಸೇರಿತು. ಆ ಮಾತಿನಿಂದ ಅವರಿಗೆ ಮುಂದೆ ಹೆಡ್ಮಾಸ್ಟರಾಗುವ ದಾರಿ ಮುಚ್ಚಿತು. ನನಗೆ ಬಂದದ್ದು ಒಂದು ಸೌಮ್ಯವಾದ ಎಚ್ಚರಿಕೆಯ ಪತ್ರ. ಖಾಯಂ ಆದೇಶ ಕೈಗೆ ಸಿಕ್ಕಿದ ಮೇಲೆ, ಆಮೇಲೆಯೇ, ನಡೆದದ್ದನ್ನೆಲ್ಲ ವಿವರಿಸಿ ಮೇಲಧಿಕಾರಿಗಳಿಗೆ ಬರೆದೆ. ಉತ್ತರ ಬರಲಿಲ್ಲ. ಬರುವುದಿಲ್ಲವೆಂದು ಬರೆಯುವಾಗಲೇ ಗೊತ್ತಿತ್ತು.

ಶನಿವಾರದ ಕೂಟಕ್ಕೆ ಒಂದೆರಡು ಸಲ ಕರೆದೆ. ಬಂದರು, ಕಲ್ಲುಗಳ ಮೇಲೆ ಕೂತರು. ಈ ವಾರ ಏನು ತಿಳಿಯಲಿಲ್ಲ ಎಂದು ಕೇಳಿದರೆ ಎಲ್ಲರೂ ಒಂದೇ ಉತ್ತರ: "ಎಲ್ಲಾ ಸರ್ಯಾಗದ ಸಾ." ಲೆಕ್ಕದ ಮೇಷ್ಟ್ರು ಮತ್ತೆ ಬೆತ್ತ ತರತೊಡಗಿದರು. ಒಂದು ದಿನ ಅವರ ಕೋಣೆಯಿಂದ ಏಟಿನ ಸದ್ದು ಕೇಳಿ ಬಾಗಿಲಿಗೆ ಹೋದೆ. ಅವರು ಕೈ ಇಳಿಸಿ, "ಏನ್ ಸಾ, ಗಮನಿಸ್ತಿದ್ದೀರಾ?" ಎಂದರು. ನಾನು ವಾಪಸು ಬಂದೆ. ಆ ಕೇರಿಯ ಚಿಕ್ಕ ಮಕ್ಕಳು ಒಂದೊಂದಾಗಿ ಶಾಲೆ ಬಿಟ್ಟರು. ಕೇಳಲು ಹೋದರೆ ತಾಯಂದಿರು ತಮಿಳಿನಲ್ಲಿ ಏನೋ ಹೇಳುತ್ತಿದ್ದರು. ಅದನ್ನು ನನಗೆ ಅರ್ಥ ಮಾಡಿಸಬಲ್ಲವಳು ಶಾಲೆಯಲ್ಲಿ ಇರಲಿಲ್ಲ.

ಕೆಲವು ವರ್ಷದ ಮೇಲೆ ನನ್ನನ್ನು ಕೊಳ್ಳೇಗಾಲದ ದೊಡ್ಡ ಶಾಲೆಯೊಂದಕ್ಕೆ ಹಾಕಿದರು. ಅಲ್ಲಿ ನನಗೆ ಒಳ್ಳೆಯ ಆಡಳಿತಗಾರ ಎಂಬ ಹೆಸರು ಬಂತು. ಎಪ್ಪತ್ತರ ಸುಮಾರಿಗೆ ಗಾಳಿ ತಿರುಗಿತ್ತು. ಗಡಿಭಾಗದ ಮಕ್ಕಳಿಗೆ ಮನೆಮಾತಿನಿಂದಲೇ ಪಾಠ ಶುರುಮಾಡಬೇಕು ಎಂದು ಈಗ ಇಲಾಖೆಯವರೇ ಹೇಳತೊಡಗಿದ್ದರು. ಮೇಷ್ಟ್ರುಗಳ ಶಿಬಿರವೊಂದರಲ್ಲಿ ಅನುಭವ ಇರುವವರು ಮಾತಾಡಬೇಕೆಂದು ನನ್ನನ್ನು ಕರೆದರು. ಹೋದೆ. ಹಲಗೆಯ ಮೇಲೆ ಎರಡು ಗೆರೆ ಎಳೆದು ಮೂರು ಭಾಗ ಮಾಡಿ ಪಾಲ್, ಆಲು, ಹಾಲು ಎಂದು ಬರೆದೆ. ಸಭೆ ತಲೆದೂಗಿತು. ಮುಗಿದ ಮೇಲೆ ಒಬ್ಬ ಅಧಿಕಾರಿ ನನ್ನ ಕೈ ಕುಲುಕಿ, ಇಂಥದ್ದನ್ನು ಹತ್ತು ವರ್ಷದ ಹಿಂದೆಯೇ ಯಾರಾದರೂ ಮಾಡಬೇಕಿತ್ತು ಎಂದರು. ನಾನು ಹೌದು ಎಂದೆ.

ಮಾರನೆಯ ದಿನವೇ ಟೀಚರಮ್ಮನ ಮನೆ ಹುಡುಕಿಕೊಂಡು ಹೋದೆ. ಅವಳಿಗೆ ಸಂತೋಷವಾಗುತ್ತದೆ, ಹಳೆಯದೆಲ್ಲ ಒಂದಿಷ್ಟು ತೊಳೆದುಹೋಗುತ್ತದೆ ಅಂದುಕೊಂಡಿದ್ದೆ. ಇದಕ್ಕಿಂತ ಮೊದಲು ಅಷ್ಟು ವರ್ಷ ಅದೇ ಊರಿನಲ್ಲಿದ್ದೂ ಒಂದು ಸಲವೂ ಹೋಗಿರಲಿಲ್ಲ. ನೇಕಾರರ ಬೀದಿಯಲ್ಲಿ ಕೇಳಿದಾಗ ತೋರಿಸಿದರು. ಅವಳು ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತು ರೇಷ್ಮೆ ಸೀರೆ ನೇಯುತ್ತಿದ್ದಳು. ಕಿವಿಯ ಹತ್ತಿರ ಒಂದಿಷ್ಟು ನರೆ ಬಂದಿತ್ತು.

"ಬನ್ನಿ ಸಾ, ಕುಂತ್ಕಳಿ," ಎಂದಳು. ಮಗ್ಗದಿಂದ ಏಳಲಿಲ್ಲ. ಒಳಗಿದ್ದ ತಾಯಿಗೆ ಕಾಫಿ ಮಾಡಲು ತಮಿಳಿನಲ್ಲಿ ಹೇಳಿದಳು.

ಲೆಕ್ಕದ ಮೇಷ್ಟ್ರು ಹೋದ ವರ್ಷ ತೀರಿಹೋದ ಸುದ್ದಿ ಅವಳಿಗೆ ಗೊತ್ತಿತ್ತು. ಮಣ್ಣಿಗೆ ಹೋಗಿದ್ದಳಂತೆ. ನಾನು ಹೋಗಿರಲಿಲ್ಲ. ಶಿಬಿರದ ವಿಷಯ ಹೇಳಿದೆ. ಎಷ್ಟು ಜನ ಬಂದಿದ್ದರು, ಹೇಗೆ ಕೇಳಿದರು, ಈಗ ಎಲ್ಲ ಶಾಲೆಯಲ್ಲೂ ಅವಳ ಪಾಠವೇ ನಡೆಯುತ್ತದೆ ಎಂದೆಲ್ಲ ಹೇಳಿದೆ. ಅವಳು ಲಾಳಿಯನ್ನು ಕೈಯಲ್ಲಿ ಹಿಡಿದುಕೊಂಡು ಪೂರ್ತಿ ಕೇಳಿಸಿಕೊಂಡಳು.

"ನನ್ನೆಸ್ರು ಯೋಳುದ್ರಾ ಸಾ?"

ನಮ್ಮ ಶಾಲೆಯ ಒಬ್ಬ ಶಿಕ್ಷಕಿ ಎಂದು ಹೇಳಿದ್ದೆ. ಅದನ್ನೇ ಹೇಳಿದೆ.

"ಆಗ ಬ್ಯಾಡ ಅಂದಾಗ ಎಸ್ರು ಬರುದು ಕಳ್ಸುದ್ರಿ," ಎಂದಳು ಅವಳು. ಧ್ವನಿ ಏರಲಿಲ್ಲ. "ಓಗ್ಲಿ ಬುಡಿ. ಈಗ ನಂಗ ಅದ್ರಿಂದ ಏನೂ ಆಗ್ಬೇಕಾಗಿಲ್ಲ."

"ತಪ್ಪಾಯಿತಮ್ಮ," ಎಂದೆ. ಹತ್ತು ವರ್ಷದ ಹಿಂದೆ ಆಡಬೇಕಿದ್ದ ಮಾತು.

ಅವಳು ಲಾಳಿ ಎಸೆದು ಮಗ್ಗ ಎಳೆದಳು. ಆ ಸದ್ದಿನಲ್ಲಿ ಮಾತಾಡುವುದಕ್ಕೂ ಆಗುತ್ತಿರಲಿಲ್ಲ. ತಾಯಿ ಕಾಫಿ ತಂದುಕೊಟ್ಟು ತಮಿಳಿನಲ್ಲಿ ನನ್ನನ್ನು ಏನೋ ಕೇಳಿದರು. ನನಗೆ ಅರ್ಥವಾಗಲಿಲ್ಲ. ಮಗಳ ಕಡೆ ನೋಡಿದೆ, ಅವಳು ಕೆಲಸದಿಂದ ಕಣ್ಣೆತ್ತಲಿಲ್ಲ. ಮುದುಕಿಗೆ ಸುಮ್ಮನೆ ತಲೆಯಾಡಿಸಿ ಕಾಫಿ ಕುಡಿದು ಲೋಟ ಕೆಳಗಿಟ್ಟು, ಶಾಲೆಗೆ ಹೊತ್ತಾಯಿತೆಂದು ಎದ್ದೆ.